ವೆಬ್‌ಸೈಟ್ ಮಾಡಿಸಿ ಎಂಟು ತಿಂಗಳಾಯಿತು, ಬಂದಿದ್ದು ಮೂರೇ ಆರ್ಡರ್. ಎಲ್ಲಿ ತಪ್ಪಿದೆ?

ಭರಣಿ_ಸಾಗರ

ನಮಸ್ಕಾರ. ನಾವು ಸಾಗರ ತಾಲೂಕಿನವರು. ಮನೆಯಲ್ಲಿ ಅಮ್ಮ ಮತ್ತು ಹೆಂಡತಿ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕುತ್ತಾರೆ. ಮಿಡಿ ತರುವುದು, ಬಾಟಲಿ ತೊಳೆಯುವುದು, ಹೊತ್ತು ಹಾಕುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ನಡೆದಿದೆ. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ, ಈಗ ಜೋಗದ ದಾರಿಯ ಎರಡು ಅಂಗಡಿಗೂ ಕೊಡುತ್ತೇವೆ. ಜೊತೆಗೆ ಹಲಸಿನ ಹಪ್ಪಳ, ಯಾರಾದರೂ ಮೊದಲೇ ಹೇಳಿದರೆ ತೊಡೆದೇವು ಅನ್ನುವ ಸಿಹಿ ತಿಂಡಿ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಈ ಕಡೆ ಬರುವ ಕಾರುಗಳು ಜಾಸ್ತಿಯಾಗಿವೆ. ಅಂಗಡಿಯವರೂ ಜಾಸ್ತಿ ಬಾಟಲಿ ಕೇಳುತ್ತಿದ್ದಾರೆ. ಆದರೆ ಅವರ ಕಮಿಷನ್ ಕಳೆದರೆ ನಮಗೆ ಉಳಿಯುವುದು ಅಷ್ಟಕ್ಕಷ್ಟೇ.

ಅದಕ್ಕೆ ನೇರವಾಗಿ ಮಾರೋಣ ಅಂತ ಕಳೆದ ಮಾರ್ಚ್‌ನಲ್ಲಿ ವೆಬ್‌ಸೈಟ್ ಮಾಡಿಸಿದೆ. ಪರಿಚಯದವರು ತೋರಿಸಿದ ಡಿಸೈನರ್, 42 ಸಾವಿರ ತೆಗೆದುಕೊಂಡರು. ನೋಡಲು ಚೆನ್ನಾಗಿಯೇ ಇದೆ. ತೆರೆದ ಕೂಡಲೇ ಜೋಗ ಜಲಪಾತ, ಅಡಿಕೆ ತೋಟ, ಅಮ್ಮ ಭರಣಿ ಹಿಡಿದುಕೊಂಡಿರುವ ಫೋಟೋ ಒಂದಾದ ಮೇಲೊಂದು ಜಾರುತ್ತವೆ. ಕನ್ನಡದಲ್ಲೂ ಇರಲಿ ಅಂದಿದ್ದೆ, ಇದೆ. ಆದರೆ ಎಂಟು ತಿಂಗಳಲ್ಲಿ ಬಂದಿದ್ದು ಮೂರು ಆರ್ಡರ್. ಡಿಸೈನರ್‌ಗೆ ಕೇಳಿದರೆ "ಮಾರ್ಕೆಟಿಂಗ್ ಬೇರೆ, ವೆಬ್‌ಸೈಟ್ ಬೇರೆ" ಅನ್ನುತ್ತಾರೆ. ಈಗ ಫೋನ್ ಎತ್ತುವುದೇ ಕಡಿಮೆ.

ಈ ನಡುವೆ ಬೇರೊಂದು ಕಂಪನಿಯವರು ದಿನ ಬಿಟ್ಟು ದಿನ ಕರೆ ಮಾಡುತ್ತಿದ್ದಾರೆ. ತಿಂಗಳಿಗೆ 15 ಸಾವಿರ ಕೊಟ್ಟರೆ ಮೂರು ತಿಂಗಳಲ್ಲಿ ಗೂಗಲ್‌ನ ಮೊದಲ ಸ್ಥಾನಕ್ಕೆ ತರುತ್ತಾರಂತೆ, ಗ್ಯಾರಂಟಿ ಅಂತೆ. ಹೆಂಡತಿ ಬೇಡ ಅನ್ನುತ್ತಾಳೆ. ಫೆಬ್ರವರಿ ಬಂದರೆ ಮಿಡಿ ಕೊಳ್ಳಲು ಕೈಯಲ್ಲಿ ದುಡ್ಡು ಬೇಕು, ಅದನ್ನು ಇಲ್ಲಿ ಹಾಕಿ ಕೈ ಸುಟ್ಟುಕೊಳ್ಳಬೇಡಿ ಅಂತ ಅವಳ ವಾದ. ನನಗೂ ಧೈರ್ಯ ಇಲ್ಲ. ಆದರೆ ಕೊಟ್ಟ 42 ಸಾವಿರ ನೀರಲ್ಲಿ ಹೋಯಿತಾ ಅಂತ ಹೊಟ್ಟೆ ಉರಿಯುತ್ತದೆ.

ಈ ಸೈಟನ್ನು ಇಟ್ಟುಕೊಳ್ಳಲೋ, ಬಿಟ್ಟು ಇನ್‌ಸ್ಟಾಗ್ರಾಂ ಹಿಡಿಯಲೋ? ಅನುಭವ ಇದ್ದವರು ಹೇಳಿ.

ರೀಲ್ಸ್_ರೊಟ್ಟಿ

ವೆಬ್‌ಸೈಟ್ ಬಿಡಿ ಸಾರ್. ಈಗ ಯಾರು ಸೈಟ್ ತೆರೆದು ಉಪ್ಪಿನಕಾಯಿ ಕೊಳ್ಳುತ್ತಾರೆ? ನಾನು ಧಾರವಾಡದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತೇನೆ. ಸೈಟೂ ಇಲ್ಲ, ಏನೂ ಇಲ್ಲ. ಇನ್‌ಸ್ಟಾ ಮತ್ತು ವಾಟ್ಸಾಪ್ ಎರಡೇ. ಅತ್ತೆ ರೊಟ್ಟಿ ಬಡಿಯುವ ಸದ್ದಿನ ಒಂದು ರೀಲ್ ಸುಮ್ನೆ ಹಾಕಿದ್ದು, ಅದು ಓಡಿದ ವಾರ ಬಂದಷ್ಟು ಆರ್ಡರ್ ಕಳಿಸಲು ನಮಗೆ ಡಬ್ಬಿ ಸಾಲಲಿಲ್ಲ. ನಿಮ್ಮ ಅಮ್ಮ ಮಿಡಿ ಉಪ್ಪಿಗೆ ಹಾಕುವುದನ್ನು ವಿಡಿಯೋ ಮಾಡಿ. ದುಡ್ಡು ಖರ್ಚಿಲ್ಲ.

ಹಾಳೆತಟ್ಟೆ

ರೀಲ್ ಓಡಿದ ವಾರದ ಕಥೆ ಎಲ್ಲರೂ ಹೇಳುತ್ತಾರೆ, ಅದರ ಮುಂದಿನ ಆರು ತಿಂಗಳ ಕಥೆ ಯಾರೂ ಹೇಳುವುದಿಲ್ಲ 🙂 ರೊಟ್ಟಿಯವರೇ, ಬೇಜಾರಾಗಬೇಡಿ, ನಾನೂ ಅದೇ ದಾರಿಯಲ್ಲಿ ಹೋಗಿ ಬಂದವನು.

ನಮ್ಮದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ, ತೀರ್ಥಹಳ್ಳಿ ಕಡೆ. ನನಗೆ ಮೊದಲು ಇದ್ದದ್ದು ಗೂಗಲ್ ಮ್ಯಾಪ್ ಪ್ರೊಫೈಲ್ ಜೊತೆ ಬಿಟ್ಟಿಯಾಗಿ ಸಿಗುತ್ತಿತ್ತಲ್ಲ, ಆ ಒಂದು ಪುಟದ ಸೈಟ್. ಬಿಟ್ಟಿ ಸಿಕ್ಕಿದ್ದಕ್ಕೆ ಖುಷಿಯೋ ಖುಷಿ. ಅದರ ವಿಳಾಸವನ್ನು ವಿಸಿಟಿಂಗ್ ಕಾರ್ಡ್, ರಟ್ಟಿನ ಪೆಟ್ಟಿಗೆ, ಬೋರ್ಡ್ ಎಲ್ಲದರ ಮೇಲೂ ಅಚ್ಚು ಹಾಕಿಸಿದೆ. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟ್‌ಗಳನ್ನೆಲ್ಲ ಮುಚ್ಚಿತು. ಜೂನ್ 10ರವರೆಗೆ ಆ ವಿಳಾಸ ಒತ್ತಿದವರು ಮ್ಯಾಪ್ ಪ್ರೊಫೈಲ್‌ಗೆ ಹೋಗುತ್ತಿದ್ದರು, ಆಮೇಲೆ ಅದೂ ನಿಂತಿತು. ನನ್ನ ಗೋದಾಮಿನಲ್ಲಿ ಇನ್ನೂ ನಾಲ್ಕು ಸಾವಿರ ಪೆಟ್ಟಿಗೆ, ಎಲ್ಲದರ ಮೇಲೂ ಸತ್ತ ವಿಳಾಸ. ಮಗಳು ಮಾರ್ಕರ್ ಹಿಡಿದು ಒಂದೊಂದೇ ಹೊಡೆದು ಹಾಕಿದಳು.

ಇನ್‌ಸ್ಟಾ ಬೇಡ ಅಂತ ಅಲ್ಲ. ಅದು ಜಾತ್ರೆ. ಜನ ಬರುತ್ತಾರೆ, ನೋಡುತ್ತಾರೆ. ಆದರೆ ಜಾಗ ನಿಮ್ಮದಲ್ಲ, ಯಾವತ್ತು ನಿಮ್ಮ ಮಳಿಗೆ ಎತ್ತಿ ಮೂಲೆಗೆ ಹಾಕುತ್ತಾರೋ ಗೊತ್ತಿಲ್ಲ. ಭರಣಿಯವರೇ, 42 ಸಾವಿರ ಕೊಟ್ಟಾಗಿದೆ, ಇಟ್ಟುಕೊಳ್ಳಿ. ರಿಪೇರಿ ಆಗುತ್ತದಾ ನೋಡೋಣ.

ಒತ್ತಕ್ಷರ

ಸಲಹೆಗೆ ಮೊದಲು ಮೂರು ಪ್ರಶ್ನೆ. ಬಾಟಲಿ ಮೇಲಿರುವ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ಸೈಟ್ ಕಾಣುತ್ತದೆಯಾ? ಡೊಮೇನ್, ಅಂದರೆ ಸೈಟ್‌ನ ವಿಳಾಸದ ಹೆಸರು, ಯಾರ ಇಮೇಲ್‌ನಿಂದ ಕೊಂಡದ್ದು? ಬಂದ ಮೂರು ಆರ್ಡರ್ ಯಾರವು, ಅವರಿಗೆ ಸೈಟ್ ಹೇಗೆ ಸಿಕ್ಕಿತು?

ಸೈಟ್ ವಿಳಾಸವನ್ನು ನನಗೆ ಮೆಸೇಜ್‌ನಲ್ಲಿ ಕಳಿಸಿ, ಇಲ್ಲಿ ಬೇಡ.

ಭರಣಿ_ಸಾಗರ

ಕಳಿಸಿದ್ದೇನೆ.

ಹೆಸರು ಹುಡುಕಿದರೆ ನಮ್ಮದು ಬರುವುದಿಲ್ಲ. ಮನೆದೇವರ ಹೆಸರು ಇಟ್ಟಿದ್ದೇವೆ. ಅದೇ ಹೆಸರಿನ ಬಳೆ ಅಂಗಡಿ, ಟ್ರಾವೆಲ್ಸ್, ಕಲ್ಯಾಣ ಮಂಟಪ ಎಲ್ಲ ಬರುತ್ತವೆ. ಡೊಮೇನ್ ಡಿಸೈನರ್ ಇಮೇಲ್‌ನಲ್ಲೇ ಇದೆ ಅನ್ನಿಸುತ್ತದೆ, ನನಗೆ ಯಾವ ಪಾಸ್‌ವರ್ಡೂ ಕೊಟ್ಟಿಲ್ಲ. ಸೈಟ್‌ನ ಒಳಗೆ ಹೋಗಿ ಬೆಲೆ ಬದಲಿಸುವ ಒಂದು ಲಾಗಿನ್ ಮಾತ್ರ ಇದೆ.

ಮೂರು ಆರ್ಡರ್‌ನಲ್ಲಿ ಒಂದು ನನ್ನ ಭಾವನದು, ಸೈಟ್ ನಡೆಯುತ್ತದಾ ನೋಡಲು ಹಾಕಿದ್ದು. ಇನ್ನೆರಡು ಬೆಂಗಳೂರಿನವರದು. ಜೋಗಕ್ಕೆ ಬಂದಾಗ ಅಂಗಡಿಯಲ್ಲಿ ಕೊಂಡಿದ್ದರಂತೆ, ಖಾಲಿಯಾದ ಮೇಲೆ ಲೇಬಲ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದಾರೆ. ಹೆಂಡತಿ ಲಿಂಕ್ ಕಳಿಸಿದಳು.

ಒತ್ತಕ್ಷರ

ನಿಮ್ಮ ಕೊನೆಯ ಪ್ಯಾರಾದಲ್ಲೇ ಉತ್ತರ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸೈಟ್ ನೋಡಿದಾಗ ಕಂಡದ್ದು ಹೇಳಿಬಿಡುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಿಮ್ಮ ಸೈಟ್ ಗೂಗಲ್‌ನಲ್ಲಿ ಬರದೇ ಇರುವುದಕ್ಕೆ ಕಾರಣ ಪೈಪೋಟಿಯಲ್ಲ. ನೀವೇ ಗೂಗಲ್‌ಗೆ "ಬರಬೇಡ" ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದೀರಿ. ಸೈಟ್ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ತಂತ್ರಾಂಶದಲ್ಲಿದೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಪುಟ ಇರುತ್ತದೆ, ಅದರ ಕೆಳಗೆ ಸರ್ಚ್ ಎಂಜಿನ್‌ಗಳನ್ನು ತಡೆಯುವ ಒಂದು ಟಿಕ್ ಇದೆ. ಸೈಟ್ ಕಟ್ಟುವಾಗ ಅರ್ಧಂಬರ್ಧ ಕೆಲಸ ಯಾರಿಗೂ ಕಾಣದಿರಲಿ ಅಂತ ಡಿಸೈನರ್‌ಗಳು ಅದನ್ನು ಹಾಕುತ್ತಾರೆ, ಕೆಲಸ ಮುಗಿದ ದಿನ ತೆಗೆಯಬೇಕು. ನಿಮ್ಮವರು ತೆಗೆದಿಲ್ಲ. ಪುಟದ ಸೋರ್ಸ್ ತೆರೆದು ನೋಡಿದೆ, ನೋಇಂಡೆಕ್ಸ್ ಅಂತ ಹಾಗೇ ಕೂತಿದೆ. ಎಂಟು ತಿಂಗಳಿಂದ! ಇದು ಒಂದು ನಿಮಿಷದ ಕೆಲಸ. ನಿಮ್ಮ ಲಾಗಿನ್‌ಗೆ ಅಷ್ಟು ಅಧಿಕಾರ ಇಲ್ಲದಿದ್ದರೆ ಡಿಸೈನರ್ ಕೈಯಲ್ಲೇ ತೆಗೆಸಬೇಕು.

ಆ 15 ಸಾವಿರದವರು ಬಂದಿದ್ದರೆ ಬಹುಶಃ ಮೊದಲ ದಿನ ಈ ಟಿಕ್ ತೆಗೆದು, ಮೂರನೇ ವಾರ ನಿಮ್ಮ ಹೆಸರು ಗೂಗಲ್‌ನಲ್ಲಿ ಬಂದದ್ದನ್ನು ತೋರಿಸಿ, "ನೋಡಿದಿರಾ" ಅನ್ನುತ್ತಿದ್ದರು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. ಗ್ಯಾರಂಟಿ ಅಂದವರ ಫೋನ್ ಅಲ್ಲಿಗೇ ಇಟ್ಟುಬಿಡಿ. ನಿಮ್ಮ ಹೆಂಡತಿ ಹೇಳಿದ್ದು ಸರಿ.

ಎರಡನೆಯದು ಕನ್ನಡ. ನಿಮ್ಮ ಸೈಟ್‌ನಲ್ಲಿ ಕನ್ನಡ ಇಲ್ಲ, ಕನ್ನಡದ ಚಿತ್ರ ಇದೆ. "ನಮ್ಮ ಬಗ್ಗೆ" ಪುಟದ ಸಾಲುಗಳ ಮೇಲೆ ಬೆರಳಿಟ್ಟು ಒತ್ತಿ ನೋಡಿ, ಅಕ್ಷರ ಆಯ್ಕೆ ಆಗುವುದಿಲ್ಲ. ಏನಾಗಿದೆ ಅಂತ ನಾನು ಊಹಿಸಬಲ್ಲೆ. ನಿಮ್ಮ ಕರಪತ್ರವನ್ನು ಯಾವುದೋ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದೀರಿ. ಅದನ್ನು ಡಿಸೈನರ್ ಸೈಟ್‌ಗೆ ಅಂಟಿಸಲು ಹೋದಾಗ ಟೋಪಿ, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಬಿದ್ದಿದೆ. ಅವರಿಗೆ ಕನ್ನಡ ಟೈಪ್ ಮಾಡಲು ಬರುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದು ಹಾಕಿದ್ದಾರೆ. ಹುಡುಕುವ ಗೂಗಲ್‌ಗೂ, ಕಣ್ಣು ಕಾಣದೆ ಫೋನ್‌ನ ದನಿ ಕೇಳಿ ಓದುವವರಿಗೂ ಅಲ್ಲಿ ಓದಲು ಏನೂ ಇಲ್ಲ. ಹಳೆಯ ಅಕ್ಷರವನ್ನು ಎಲ್ಲ ಫೋನ್, ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ. ಅಥವಾ ಅಷ್ಟು ಸಾಲನ್ನು ಫೋನ್‌ನಲ್ಲೇ ಮತ್ತೆ ಟೈಪ್ ಮಾಡಿ, ಒಂದು ಸಂಜೆಯ ಕೆಲಸ. ಫಾಂಟ್ ಚೆಂದ ಇರಲಿ ಅನ್ನಿಸಿದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೋ, ಬಾಲೂ ತಮ್ಮ, ಅನೇಕ್ ಎಲ್ಲ ಇವೆ, ದುಡ್ಡು ಕೊಡಬೇಕಿಲ್ಲ.

ಆದರೆ ಕನ್ನಡಿಗರು ಹುಡುಕುವಾಗ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ ಅಂತಲೂ ಅಂದುಕೊಳ್ಳಬೇಡಿ. ಜಾಸ್ತಿ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ಅದಕ್ಕೊಂದು ಕಾಗುಣಿತ ಇಲ್ಲ. ಉಪ್ಪಿನಕಾಯಿಯನ್ನೇ ಐದು ಥರ ಬರೆಯುತ್ತಾರೆ. ಮಿಡಿ ಉಪ್ಪಿನಕಾಯಿ ಅನ್ನುವವರು, ಅಪ್ಪೆಮಿಡಿ ಅನ್ನುವವರು, ಟೆಂಡರ್ ಮ್ಯಾಂಗೋ ಪಿಕಲ್ ಅನ್ನುವವರು ಎಲ್ಲರೂ ನಿಮ್ಮ ಗಿರಾಕಿಗಳೇ. ನಿಮ್ಮ ಸೈಟ್‌ನಲ್ಲಿ ಪದಾರ್ಥದ ಹೆಸರು ಬರೀ "ಪಿಕಲ್ ಸ್ಪೆಷಲ್, 500 ಗ್ರಾಂ" ಅಂತ ಇದೆ. ಯಾವ ಮಿಡಿ, ಯಾವ ಊರು, ಒಂದೂ ಇಲ್ಲ. ಟಿಕ್ ತೆಗೆದ ಮೇಲೆ ಗೂಗಲ್ ಸರ್ಚ್ ಕನ್ಸೋಲ್ ಹಾಕಿಕೊಳ್ಳಿ, ಬಿಟ್ಟಿ. ಜನ ಯಾವ ಪದ ಬರೆದು ಹುಡುಕಿದಾಗ ನಿಮ್ಮ ಪುಟ ಕಂಡಿತು ಅಂತ ಅದು ತೋರಿಸುತ್ತದೆ. ಅದನ್ನು ನೋಡಿ ಪದ ಸರಿಮಾಡಿಕೊಳ್ಳಬಹುದು.

ಮೂರನೆಯದು ಆ ಜಾರುವ ಫೋಟೋಗಳು. ಒಂದೊಂದೂ ಕ್ಯಾಮೆರಾದಿಂದ ಬಂದ ಹಾಗೆಯೇ ಇದೆ, ಮೊದಲ ಪುಟವೇ ಇಪ್ಪತ್ತು ಎಂಬಿ ದಾಟುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ನಿಮ್ಮ ಊರಿನ ನೆಟ್‌ವರ್ಕ್‌ನಲ್ಲಿ ನೀವೇ ಒಮ್ಮೆ ತೆರೆದು ನೋಡಿ, ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ. ಜೋಗದ ಫೋಟೋ ತೆಗೆದುಬಿಡಿ, ಜೋಗ ಎಲ್ಲರೂ ನೋಡಿದ್ದಾರೆ. ಅಮ್ಮನ ಫೋಟೋ ಒಂದು ಸಾಕು, ಚಿಕ್ಕದು ಮಾಡಿ ಹಾಕಿ.

ಇನ್ನು ಡೊಮೇನ್. ಇದು ಎಲ್ಲಕ್ಕಿಂತ ಮುಖ್ಯ, ಮತ್ತು ಡಿಸೈನರ್ ಜೊತೆ ಜಗಳ ಆಡುವ ಮೊದಲು ಮಾಡಬೇಕಾದ್ದು. ಮಾರ್ಚ್‌ಗೆ ಒಂದು ವರ್ಷ ಆಗುತ್ತದೆ, ಅಂದರೆ ನವೀಕರಣ ಬರುತ್ತದೆ. ಅವರು ದುಡ್ಡು ಕಟ್ಟದಿದ್ದರೆ, ಅಥವಾ ಮುನಿಸಿಕೊಂಡು ಸುಮ್ಮನೆ ಕೂತರೆ, ಹೆಸರು ಹೋಗುತ್ತದೆ. ನಯವಾಗಿ ಕೇಳಿ. "ಡೊಮೇನ್ ನನ್ನ ಅಕೌಂಟಿಗೆ ವರ್ಗ ಮಾಡಿಕೊಡಿ, ಅದರ ಖರ್ಚು ನಾನೇ ಕೊಡುತ್ತೇನೆ" ಅನ್ನಿ. ಹೋಸ್ಟಿಂಗ್‌ನ (ಸೈಟ್ ಇಟ್ಟಿರುವ ಬಾಡಿಗೆ ಜಾಗದ) ಲಾಗಿನ್ ಮತ್ತು ಸೈಟ್‌ನ ಪೂರ್ತಿ ಅಧಿಕಾರ ಇರುವ ಲಾಗಿನ್ ಕೂಡ. ಈ ಮೂರು ನಿಮ್ಮ ಕೈಗೆ ಬಂದ ಮೇಲೆ ಬೇಕಾದರೆ ಬೈಯಿರಿ.

ಈಗ ಆ ಕೊನೆಯ ಪ್ಯಾರಾ. ಮೂರರಲ್ಲಿ ಎರಡು ಆರ್ಡರ್ ಖಾಲಿ ಬಾಟಲಿ ಹಿಡಿದುಕೊಂಡು ಕೂತವರದು. ಅಪ್ಪೆಮಿಡಿ ಅಂದರೇನು ಅಂತ ಗೊತ್ತಿಲ್ಲದ ಒಬ್ಬರು ಗೂಗಲ್‌ನಲ್ಲಿ ಉಪ್ಪಿನಕಾಯಿ ಅಂತ ಹುಡುಕಿ, ದೊಡ್ಡ ಕಂಪನಿಗಳನ್ನೆಲ್ಲ ದಾಟಿ, ನಿಮ್ಮ ಪುಟಕ್ಕೆ ಬಂದು 500 ಗ್ರಾಂಗೆ ದುಡ್ಡು ಕೊಡುತ್ತಾರೆ ಅನ್ನುವುದು ಕಷ್ಟ. ಆದರೆ ಪ್ರತಿ ವಾರ ಜೋಗದ ದಾರಿಯಲ್ಲಿ ನಿಮ್ಮ ಬಾಟಲಿ ಕೊಂಡು ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗೆ ಹೋಗುವವರು ಇದ್ದಾರಲ್ಲ. ಎರಡು ತಿಂಗಳ ನಂತರ ಮೊಸರನ್ನದ ಜೊತೆ ಕೊನೆಯ ಮಿಡಿ ತಿಂದು ಮುಗಿಸುತ್ತಾರೆ. ಆ ಹೊತ್ತಲ್ಲಿ ಅವರ ಕೈಯಲ್ಲಿ ಇರುವುದು ಒಂದು ಲೇಬಲ್. ನಿಮ್ಮ ವೆಬ್‌ಸೈಟ್‌ನ ಕೆಲಸ ಆ ಮನುಷ್ಯನಿಗೆ ಒಂದು ನಿಮಿಷದೊಳಗೆ ಇನ್ನೊಂದು ಬಾಟಲಿ ಕೊಡಿಸುವುದು. ಅಷ್ಟು ಆದರೆ ಉಳಿದದ್ದು ನಿಧಾನಕ್ಕೆ ಆಗುತ್ತದೆ.

ಅದಕ್ಕೆ ಲೇಬಲ್ ಬದಲಿಸಿ. ಹೆಸರಿನ ಜೊತೆ ನಿಮ್ಮ ಊರಿನ ಹೆಸರು ಸೇರಿಸಿ, ಆಗ ಬಳೆ ಅಂಗಡಿ, ಕಲ್ಯಾಣ ಮಂಟಪದ ಗೊಂದಲ ಇರುವುದಿಲ್ಲ. ಸೈಟ್ ವಿಳಾಸ ದೊಡ್ಡದಾಗಿ ಹಾಕಿ. ಪಕ್ಕದಲ್ಲಿ ಕ್ಯೂಆರ್ ಕೋಡ್. ಆ ಕೋಡ್ ನೇರವಾಗಿ ವಾಟ್ಸಾಪ್‌ಗೋ ಇನ್‌ಸ್ಟಾಗೋ ಹೋಗಬಾರದು, ನಿಮ್ಮ ಡೊಮೇನ್‌ನ ಒಂದು ಪುಟಕ್ಕೆ ಹೋಗಬೇಕು. ಬಾಟಲಿ ಅಂಗಡಿಯಲ್ಲಿ ವರ್ಷ ಕೂತಿರಬಹುದು, ಅಷ್ಟರಲ್ಲಿ ನೀವು ನಂಬರ್ ಬದಲಿಸಿರಬಹುದು. ಪುಟ ನಿಮ್ಮದಾದರೆ ಅದು ಎಲ್ಲಿಗೆ ಕಳಿಸಬೇಕು ಅನ್ನುವುದೂ ನಿಮ್ಮ ಕೈಯಲ್ಲಿ. ಬಿಟ್ಟಿ ಕ್ಯೂಆರ್ ಮಾಡಿಕೊಡುವ ಕೆಲವು ಕಡೆ ಕೋಡ್ ಕೆಲವು ದಿನಕ್ಕೆ ಸಾಯುತ್ತದೆ, ದುಡ್ಡು ಕಟ್ಟಿ ಅನ್ನುತ್ತದೆ. ನಿಮ್ಮ ವಿಳಾಸ ಸೀದಾ ಒಳಗಿರುವ ಕೋಡ್ ಮಾಡಿಸಿ, ಅದಕ್ಕೆ ಸಾವಿಲ್ಲ.

ಆ ಪುಟದಲ್ಲಿ ಏನಿರಬೇಕು ಅಂತ ಕೇಳಿದರೆ, ನಿಮ್ಮ ಹೆಂಡತಿ ಫೋನ್‌ನಲ್ಲಿ ದಿನಾ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಾರೋ ಅದು. ನನ್ನ ಅಂದಾಜು: "ಮಿಡಿ ಮುದುಡಿದೆಯಲ್ಲ, ಕೆಟ್ಟಿದೆಯಾ?", "ಎಣ್ಣೆಯೇ ಇಲ್ಲವಲ್ಲ, ಎಷ್ಟು ದಿನ ಬರುತ್ತದೆ?", "ಫ್ರಿಜ್‌ನಲ್ಲಿ ಇಡಬೇಕಾ?", "ಜೀರಿಗೆ ಮಿಡಿ ಅಂದರೆ ಜೀರಿಗೆ ಹಾಕಿದ್ದಾ?" ಸರಿ ತಾನೇ? ಜೀರಿಗೆ ಮಿಡಿಯ ತೊಟ್ಟು ಮುರಿದರೆ ಸೊನೆಯಲ್ಲೇ ಜೀರಿಗೆ ಪರಿಮಳ ಬರುತ್ತದೆ ಅನ್ನುವ ಒಂದು ಸಾಲು ಯಾವ ಕಂಪನಿಯ ಕಾಪಿರೈಟರ್‌ಗೂ ಹೊಳೆಯುವುದಿಲ್ಲ. ನಿಮ್ಮ ಮನೆಯಲ್ಲಿ ಅದು ಮಕ್ಕಳಿಗೂ ಗೊತ್ತು. ಅದನ್ನೇ ಬರೆಯಿರಿ. ಈಗ ಅಲ್ಲಿ "ಗುಣಮಟ್ಟವೇ ನಮ್ಮ ಧ್ಯೇಯ" ಅಂತ ಇದೆ, ಸಿಮೆಂಟ್ ಅಂಗಡಿಗೂ ಅದೇ ಧ್ಯೇಯ.

ಭರಣಿ_ಸಾಗರ

ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ಆ ಟಿಕ್ ವಿಷಯ ನಂಬಲಾಗುತ್ತಿಲ್ಲ. ಈ ನಾಲ್ಕು ಪ್ರಶ್ನೆ ಹೆಂಡತಿಗೆ ತೋರಿಸಿದೆ, "ಇವರು ನಮ್ಮನೆ ಫೋನ್ ಕದ್ದು ಕೇಳುತ್ತಾರಾ" ಅಂದಳು. ಐದನೆಯದೊಂದು ಇದೆಯಂತೆ: "ಉಪ್ಪು ಜಾಸ್ತಿ ಅಲ್ವಾ?"

ಡಿಸೈನರ್‌ಗೆ ಇವತ್ತೇ ನಯವಾಗಿ ಮೆಸೇಜ್ ಹಾಕುತ್ತೇನೆ.

ಲೆಕ್ಕದ_ಪುಸ್ತಕ

ಎಲ್ಲರೂ ಮಾರ್ಕೆಟಿಂಗ್ ಹೇಳುತ್ತಿದ್ದೀರಿ, ಲೆಕ್ಕದ ಕಡೆಯಿಂದ ಎರಡು ಮಾತು. ಭರಣಿಯವರಿಗೆ ಜಿಎಸ್‌ಟಿ ನೋಂದಣಿ ಇದೆಯಾ? ನಮ್ಮ ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಬೇಕಿಲ್ಲ. ಆದರೆ ಒಂದೇ ಒಂದು ಬಾಟಲಿ ಮುಂಬೈಗೋ ಹೈದರಾಬಾದ್‌ಗೋ ಮಾರಿದರೂ ಅದು ಅಂತರರಾಜ್ಯ ಮಾರಾಟ, ಆಗ 40 ಲಕ್ಷದ ಮಿತಿ ಲೆಕ್ಕಕ್ಕಿಲ್ಲ, ನೋಂದಣಿ ಬೇಕೇ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಉಪ್ಪಿನಕಾಯಿಗಿಲ್ಲ. ಸೈಟ್ ಇದ್ದರೆ ಆರ್ಡರ್ ಎಲ್ಲಿಂದಲೂ ಬರುತ್ತದೆ. ನೋಂದಣಿ ಆಗುವವರೆಗೆ ಸೈಟ್‌ನಲ್ಲಿ ಕರ್ನಾಟಕದ ಪಿನ್‌ಕೋಡ್‌ಗಳಿಗೆ ಮಾತ್ರ ಆರ್ಡರ್ ತೆಗೆದುಕೊಳ್ಳುವಂತೆ ಮಾಡಿ.

ಯುಪಿಐ ದುಡ್ಡು ಲೆಕ್ಕಕ್ಕೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2025ರ ಜುಲೈಯಲ್ಲಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದು ನೆನಪಿದೆಯಲ್ಲ. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಒಂದು ಖಾತೆ ಬೇರೆ ಇಡಿ. ಭಾವ ಸಾಲ ವಾಪಸ್ ಕೊಟ್ಟದ್ದೂ ವ್ಯಾಪಾರದ ಖಾತೆಗೆ ಬಿದ್ದರೆ ಆಮೇಲೆ ವಿವರಿಸುತ್ತಾ ಕೂರಬೇಕು.

ಹೇಗೂ ಲೇಬಲ್ ಬದಲಿಸುತ್ತೀರಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರ್ ಅದರ ಮೇಲೆ ಇದೆಯಾ ನೋಡಿಕೊಳ್ಳಿ. ಸೈಟ್‌ನಲ್ಲೂ ಹಾಕಿ.

ದೂರದೂರು

ಮೆಲ್ಬರ್ನ್‌ನಿಂದ. ವಿಷಯ ಸ್ವಲ್ಪ ಬೇರೆ, ಆದರೆ ಹೇಳಲೇಬೇಕು. ಉಪ್ಪಿನಕಾಯಿ ಇಲ್ಲಿಗೆ ಕಳಿಸಿ ಅಂತ ನಾನು ಕೇಳುತ್ತಿಲ್ಲ, ಅದರ ಗಲಾಟೆ ಬೇರೆ. ಆದರೆ ಮೈಸೂರಿನಲ್ಲಿರುವ ಅಪ್ಪ ಅಮ್ಮನಿಗೆ ಊರಿನ ಕಡೆಯ ಸಣ್ಣ ಸಣ್ಣ ಅಂಗಡಿಗಳಿಂದ ಏನಾದರೂ ಕಳಿಸುತ್ತಿರುತ್ತೇನೆ. ಹತ್ತರಲ್ಲಿ ಏಳು ಸೈಟ್‌ಗಳಲ್ಲಿ ಕೊನೆಯ ಪುಟದಲ್ಲಿ ಸಿಕ್ಕಿಬೀಳುತ್ತೇನೆ. ಫೋನ್ ನಂಬರ್ ಹತ್ತು ಅಂಕಿಯೇ ಇರಬೇಕು ಅನ್ನುತ್ತದೆ. ಓಟಿಪಿ ನನ್ನ ಹಳೆಯ ಭಾರತದ ನಂಬರಿಗೆ ಹೋಗುತ್ತದೆ, ಅದು ಸತ್ತು ಎರಡು ವರ್ಷ ಆಯಿತು. ಅಮ್ಮನ ನಂಬರ್ ಕೊಟ್ಟರೆ ಅಮ್ಮನಿಗೆ ಮೆಸೇಜ್ ಹೋಗಿ, "ಇದ್ಯಾವುದೋ ಮೋಸದ್ದು ಬಂದಿದೆ, ಒತ್ತಲಿಲ್ಲ" ಅಂತ ನನಗೆ ಫೋನ್ ಬರುತ್ತದೆ.

ದುಡ್ಡು ಕೊಡುವವರು ಒಬ್ಬರು, ತೆಗೆದುಕೊಳ್ಳುವವರು ಇನ್ನೊಬ್ಬರು ಆಗಿರಬಹುದು ಅನ್ನುವುದನ್ನು ಸೈಟ್‌ನಲ್ಲಿ ಇಟ್ಟುಕೊಳ್ಳಿ. "ಊರಲ್ಲಿರುವ ಅಪ್ಪ ಅಮ್ಮನಿಗೆ ಕಳಿಸಿ" ಅಂತ ಒಂದು ಬಟನ್ ಇದ್ದರೆ ನಾನು ಇವತ್ತೇ ಒತ್ತುತ್ತೇನೆ. ಹೊರದೇಶದ ಕಾರ್ಡ್ ತೆಗೆದುಕೊಳ್ಳಲು ಪೇಮೆಂಟ್ ಗೇಟ್‌ವೇಯವರಿಗೆ ಬೇರೆ ಅರ್ಜಿ ಹಾಕಬೇಕು ಅಂತ ಒಬ್ಬ ಅಂಗಡಿಯವರು ಹೇಳಿದ್ದರು. ಹಾಕಿ.

ಹಾಳೆತಟ್ಟೆ

ವಾಟ್ಸಾಪ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಹನ್ನೊಂದು ವರ್ಷದ ಗಿರಾಕಿಗಳ ನಂಬರ್ ನಿಮ್ಮ ಹೆಂಡತಿಯ ಫೋನ್‌ನಲ್ಲಿ ಇರುತ್ತದಲ್ಲ, ಅದು ನಿಮ್ಮ ನಿಜವಾದ ಆಸ್ತಿ. ಮಿಡಿ ಬರುವ ಮೊದಲೇ ಜನವರಿ ಕೊನೆಗೆ ಒಂದು ಮೆಸೇಜ್ ಹಾಕಿ. ಈ ವರ್ಷದ ಜೀರಿಗೆ ಮಿಡಿ ಬುಕ್ ಮಾಡಿಕೊಳ್ಳಿ, ಅರ್ಧ ದುಡ್ಡು ಈಗ, ಉಳಿದದ್ದು ಕಳಿಸುವಾಗ. ಮಿಡಿ ಕೊಳ್ಳುವ ದುಡ್ಡಿಗೆ ಅದೇ ಆಗುತ್ತದೆ. ಹೊಸ ಬಾಟಲಿ ಯಾವಾಗ ತಯಾರಾಗುತ್ತದೆ ಅಂತ ದಿನಾಂಕ ಮಾತ್ರ ಖಚಿತವಾಗಿ ಹೇಳಿ, ದುಡ್ಡು ಕೊಟ್ಟವರು ಕಾಯುತ್ತಾರೆ, ಸುಳ್ಳು ಹೇಳಿದರೆ ಕಾಯುವುದಿಲ್ಲ.

ಒಂದೇ ಮೆಸೇಜ್ ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಒಂದಕ್ಕೆ 256 ಜನ. ಮತ್ತು ಯಾರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದಾರೋ ಅವರಿಗೆ ಮಾತ್ರ ಹೋಗುತ್ತದೆ. ನನಗೆ ಇದು ಗೊತ್ತಾಗಲು ಒಂದು ದೀಪಾವಳಿ ಹಾಳಾಯಿತು. 200 ಜನಕ್ಕೆ ಕಳಿಸಿದ್ದೇನೆ, ಒಬ್ಬರೂ ಉತ್ತರ ಕೊಡಲಿಲ್ಲ ಅಂತ ಬೇಜಾರಲ್ಲಿ ಕೂತಿದ್ದೆ, ಹೋಗಿದ್ದೇ ಮೂವತ್ತು ಚಿಲ್ಲರೆ ಜನಕ್ಕೆ. ಈಗ ಪ್ರತಿ ಪೆಟ್ಟಿಗೆಯಲ್ಲಿ "ಈ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಚೀಟಿ ಹಾಕುತ್ತೇನೆ.

ಮ್ಯಾಪ್ ಪ್ರೊಫೈಲ್ ಕೂಡ ಮಾಡಿ. ನನ್ನ ಬಿಟ್ಟಿ ಸೈಟ್ ಹೋಯಿತು, ಪ್ರೊಫೈಲ್ ಇನ್ನೂ ಇದೆ, ಚೆನ್ನಾಗಿಯೇ ನಡೆಯುತ್ತದೆ. ಮನೆಗೆ ಜನ ಬರುವುದು ಬೇಡ ಅನ್ನಿಸಿದರೆ ವಿಳಾಸ ಮುಚ್ಚಿಡಬಹುದು. ರಿವ್ಯೂ ಬರೆದವರಿಗೆ ಹಪ್ಪಳ ಫ್ರೀ ಅಂತ ಮಾತ್ರ ಮಾಡಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ.

ರೀಲ್ಸ್_ರೊಟ್ಟಿ

ಜಾತ್ರೆ ಮಾತು ಒಪ್ಪಿದೆ. ಆದರೆ ನನ್ನದೂ ಒಂದು ಕೇಳಿ, ಅಮ್ಮನ ವಿಡಿಯೋ ಮಾಡುವುದನ್ನು ಬಿಡಬೇಡಿ. ದುಡ್ಡು ಕೊಟ್ಟು ಜಾಸ್ತಿ ಜನಕ್ಕೆ ತೋರಿಸುವ ಬೂಸ್ಟ್ ಬಟನ್ ಮಾತ್ರ ಒತ್ತಬೇಡಿ. ಮೂರು ಸಾವಿರ ಹಾಕಿದ್ದೆ, ಲೈಕ್ ಬಂದದ್ದೆಲ್ಲ ರೊಟ್ಟಿ ಕಳಿಸಲಾಗದ ಊರುಗಳಿಂದ.

ಮತ್ತೆ ಗಾಜಿನ ಬಾಟಲಿ ಹೇಗೆ ಕಳಿಸುತ್ತೀರಿ? ಕ್ಯಾಶ್ ಆನ್ ಡೆಲಿವರಿ ಇಟ್ಟಿದ್ದೀರಾ? ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಬೇಡ ಅಂತ ವಾಪಸ್ ಬಂದ ಡಬ್ಬಿಗೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ನಮ್ಮದೇ. ರೊಟ್ಟಿಯಾದರೆ ಪುಡಿಯಾಗಿ ಬರುತ್ತದೆ, ನಿಮ್ಮದು ಒಡೆದು ಪೆಟ್ಟಿಗೆ ಪೂರ್ತಿ ಉಪ್ಪುನೀರು.

ಭರಣಿ_ಸಾಗರ

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು, ತಡವಾಯಿತು. ಮದುವೆ ಸೀಸನ್.

ಡೊಮೇನ್ ನನ್ನ ಇಮೇಲ್‌ಗೆ ಬಂತು. ನಯವಾಗಿ ಕೇಳಿದ್ದಕ್ಕೋ, ಖರ್ಚು ಕೊಡುತ್ತೇನೆ ಅಂದದ್ದಕ್ಕೋ, ಎರಡೇ ದಿನದಲ್ಲಿ ಕೊಟ್ಟರು. ಟಿಕ್ ತೆಗೆದ ಒಂಬತ್ತನೇ ದಿನ ಊರಿನ ಹೆಸರು ಸೇರಿಸಿ ಹುಡುಕಿದಾಗ ನಮ್ಮ ಪುಟ ಮೇಲೇ ಬಂತು. ಅಮ್ಮನಿಗೆ ತೋರಿಸಿದೆ, "ನನ್ನ ಫೋಟೋ ಇನ್ನೊಂಚೂರು ಚೆನ್ನಾಗಿರೋದು ಹಾಕಬಾರದಿತ್ತಾ" ಅಂದಳು. ಸರ್ಚ್ ಕನ್ಸೋಲ್‌ನಲ್ಲಿ ಜಾಸ್ತಿ ಬಂದಿರುವುದು ಇಂಗ್ಲಿಷ್ ಅಕ್ಷರದ "ಜೀರಿಗೆ ಮಿಡಿ", ಅದೂ ನಾಲ್ಕು ಥರ. ಹಪ್ಪಳ ಹುಡುಕಿ ಬಂದವರೂ ಇದ್ದಾರೆ, ಅದನ್ನು ನಾನು ಸೈಟ್‌ನಲ್ಲಿ ಹಾಕಿಯೇ ಇರಲಿಲ್ಲ. ವಾಟ್ಸಾಪ್ ಬುಕಿಂಗ್‌ಗೆ ಹಳೆಯ ಗಿರಾಕಿಗಳಿಂದ 63 ಬಾಟಲಿಗೆ ಅರ್ಧ ದುಡ್ಡು ಬಂದಿದೆ. ಜಿಎಸ್‌ಟಿ ಕಾಗದ ಕೊಟ್ಟು ಬಂದೆ. ಕ್ಯಾಶ್ ಆನ್ ಡೆಲಿವರಿ ತೆಗೆದೆ.

ಈಗ ಹೊಸ ತಲೆನೋವು. ಹೊಸ ಲೇಬಲ್ ನೋಡಿ ಜೋಗದ ದಾರಿಯ ಒಬ್ಬ ಅಂಗಡಿಯವರು ಬಾಟಲಿ ಇಡುವುದಿಲ್ಲ ಅನ್ನುತ್ತಿದ್ದಾರೆ. "ನನ್ನ ಅಂಗಡಿಯಲ್ಲಿ ಕೂತು ನನ್ನ ಗಿರಾಕಿಯನ್ನೇ ಕರೆದುಕೊಂಡು ಹೋಗುತ್ತೀಯಾ" ಅಂತ. ಅವರು ಹೇಳುವುದರಲ್ಲೂ ನ್ಯಾಯ ಇದೆ ಅನ್ನಿಸುತ್ತದೆ. ಏನು ಮಾಡಲಿ?

ಹಾಳೆತಟ್ಟೆ

ನ್ಯಾಯ ಇದೆ. ಸೈಟ್‌ನಲ್ಲಿ ಅಂಗಡಿಗಿಂತ ಒಂದು ರೂಪಾಯಿಯೂ ಕಡಿಮೆಗೆ ಕೊಡಬೇಡಿ, ಎಮ್‌ಆರ್‌ಪಿಗೇ ಮಾರಿ, ಕೊರಿಯರ್ ಖರ್ಚು ಮೇಲೆ ಹಾಕಿ, ಎರಡು ಬಾಟಲಿಗಿಂತ ಕಡಿಮೆ ಕಳಿಸಬೇಡಿ. ಆಗ ಅಂಗಡಿ ಮುಂದೆ ನಿಂತವನು ಅಂಗಡಿಯಲ್ಲೇ ಕೊಳ್ಳುತ್ತಾನೆ, ಬೆಂಗಳೂರಿನವನು ಸೈಟ್‌ನಲ್ಲಿ. ಇದನ್ನು ಅವರಿಗೆ ಫೋನ್ ತೆರೆದು ತೋರಿಸಿ, ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಸೈಟ್‌ನಲ್ಲಿ "ನಮ್ಮ ಬಾಟಲಿ ಇಲ್ಲೂ ಸಿಗುತ್ತದೆ" ಅಂತ ಅವರ ಅಂಗಡಿಯ ಮ್ಯಾಪ್ ಲಿಂಕ್ ಹಾಕಿ. ಅವರಿಗೂ ಗಿರಾಕಿ ಬಂದ ಹಾಗಾಯಿತು.

ಭರಣಿ_ಸಾಗರ

ತೋರಿಸಿದೆ. ಬೆಲೆ ನೋಡಿದರು, ಕೊರಿಯರ್ ಖರ್ಚು ನೋಡಿದರು, ಏನೂ ಮಾತಾಡಲಿಲ್ಲ. ಆಮೇಲೆ ಅವರ ಅಂಗಡಿಯ ಹೆಸರು ಸೈಟ್‌ನಲ್ಲಿ ಎಲ್ಲಿದೆ ಅಂತ ಕೇಳಿ, ಕಾಗುಣಿತ ತಪ್ಪಿದೆ, ಸರಿಮಾಡು ಅಂದರು. ಎರಡು ಡಜನ್ ಇಳಿಸಿ ಬಂದೆ.